ಐಸ್, ಗಾಳಿ, ನಾಲ್ಕು ಡಿಗ್ರಿ: ಮಿನ್ನೆಸೋಟದ ನೀರಿನಲ್ಲಿ ಯಾವ ಕಾಲಕ್ಕೆ ಎಲ್ಲಿ ಗಾಳ ಹಾಕಬೇಕು

ಅಮೆರಿಕದ ಉತ್ತರ ಗಡಿಯ ರಾಜ್ಯ ಮಿನ್ನೆಸೋಟದಲ್ಲಿ ಹತ್ತು ಎಕರೆ ಮೀರಿದ ಕೆರೆಗಳ ಸರ್ಕಾರಿ ಲೆಕ್ಕ 11,842. ಶನಿವಾರ ಗಾಳ ಹಿಡಿದು ಹೊರಡುವ ಹೊಸಬರು ಯಾವ ಕೆರೆಗೆ ಹೋಗೋಣ ಎಂದು ಕೇಳುತ್ತಾರೆ. ಹಳಬರ ಪ್ರಶ್ನೆಯೇ ಬೇರೆ: ನೀರು ಈಗ ಎಷ್ಟು ಡಿಗ್ರಿ ಇದೆ, ಐಸ್ ಯಾವಾಗ ಬಿಟ್ಟಿತು, ನಿನ್ನೆ ಗಾಳಿ ಯಾವ ಕಡೆಯಿಂದ ಬೀಸಿತು? ಮೇ ಕೊನೆಗೆ ಒಂದರ ಹಿಂದೊಂದು ಮೀನು ಕಚ್ಚಿದ ಮೂಲೆಯಲ್ಲಿ ಆಗಸ್ಟಿನಲ್ಲಿ ಇಡೀ ದಿನ ಕೂತರೂ ಬೆಂಡು ಅಲ್ಲಾಡದು. ಮೀನು ಕೆರೆ ಬಿಟ್ಟು ಹೋಗಿರುವುದಿಲ್ಲ. ತನಗೆ ಬೇಕಾದ ತಂಪು ಮತ್ತು ಉಸಿರು ಸಿಗುವ ಆಳಕ್ಕೆ ಸರಿದಿರುತ್ತದೆ, ಅಷ್ಟೆ.

ನಮ್ಮ ಕಡೆ ಮೀನಿಗೆ ಕಾಲ ಹೇಳುವುದು ಮಳೆ. ಮುಂಗಾರಿನ ಮೊದಲ ಕೆಂಪು ನೀರಿಗೆ ಮಲೆನಾಡಿನ ಹಳ್ಳಗಳಲ್ಲಿ ಹತ್ತುಮೀನು ಏರುತ್ತದೆ. ಉತ್ತರದ ಈ ನೀರುಗಳಲ್ಲಿ ಆ ಕೆಲಸವನ್ನು ಉಷ್ಣತೆ ಮಾಡುತ್ತದೆ. ಅದನ್ನು ತಿಳಿಯಲು ನೀರಿನ ಒಂದೇ ಒಂದು ವಿಚಿತ್ರ ಗುಣವನ್ನು ಮನಸ್ಸಿಗೆ ತಂದುಕೊಂಡರೆ ಸಾಕು.

ನೀರು ಅತ್ಯಂತ ಭಾರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಬಿಸಿಯಾದರೂ ಹಗುರ, ಅದಕ್ಕಿಂತ ತಣ್ಣಗಾದರೂ ಹಗುರ. ಹಾಗಾಗಿ ಚಳಿಗಾಲದಲ್ಲಿ ಐಸ್‌ಗೆ ತಾಗಿದ ನೀರು ಸೊನ್ನೆ ಡಿಗ್ರಿಯ ಹತ್ತಿರವಿದ್ದರೆ, ತಳದಲ್ಲಿ 4 ಡಿಗ್ರಿಯ ನೀರು ಬೆಚ್ಚಗೆ ಕೂತಿರುತ್ತದೆ. ಬೇಸಿಗೆಯಲ್ಲಿ ಇದು ತಲೆಕೆಳಗು: ಮೇಲೆ 24 ಡಿಗ್ರಿ, ಕೆಳಗೆ ತಂಪು. ಈ ಎರಡು ಸ್ಥಿತಿಗಳ ನಡುವೆ ವರ್ಷಕ್ಕೆ ಎರಡು ಸಲ, ವಸಂತದಲ್ಲೊಮ್ಮೆ ಮತ್ತು ಶರತ್ಕಾಲದಲ್ಲೊಮ್ಮೆ, ಮೇಲಿನಿಂದ ತಳದವರೆಗೆ ಉಷ್ಣತೆ ಒಂದೇ ಆಗುತ್ತದೆ. ಆಗ ಬೀಸುವ ಗಾಳಿ ಇಡೀ ಕೆರೆಯನ್ನು ಬುಡಮೇಲು ಮಾಡಿ ಕಲಕುತ್ತದೆ. ಕೆಳಗೆ ಬರುವ ಎಲ್ಲ ಮಾತೂ ಈ ನಾಲ್ಕು ಸ್ಥಿತಿಗಳಿಗೆ ಸೇರಿದ್ದು. ದೋಣಿಯಲ್ಲಿ ನೀರಿನ ಉಷ್ಣತೆ ತೋರುವ ಪರದೆಗಳು ಸಾಮಾನ್ಯವಾಗಿ ಫ್ಯಾರನ್‌ಹೀಟ್ ತೋರಿಸುತ್ತವೆ. ಅಲ್ಲಿ 39 ಎಂದರೆ ನಮ್ಮ 4 ಡಿಗ್ರಿ, 50 ಎಂದರೆ 10, 68 ಎಂದರೆ 20.

ಐಸ್ ಎಷ್ಟು ದಪ್ಪ, ಯಾವ ಬಣ್ಣ

ಉತ್ತರದ ತುದಿಯ ಆಳವಿಲ್ಲದ ಕೆರೆಗಳು ಮೊದಲು ಹೆಪ್ಪುಗಟ್ಟುತ್ತವೆ. ಅಪ್ಪರ್ ರೆಡ್ ಲೇಕ್ ಅಂಥದ್ದು. ವಿಸ್ತಾರ ದೊಡ್ಡದು, ಆಳ ಕಡಿಮೆ, ಆದ್ದರಿಂದ ಬೇಗ ತಣಿಯುತ್ತದೆ. ಆಳದ ಕೆರೆಗಳು ಬೇಸಿಗೆಯ ಬಿಸಿಯನ್ನು ಇನ್ನೂ ಹೊಟ್ಟೆಯಲ್ಲಿಟ್ಟುಕೊಂಡಿರುವುದರಿಂದ ವಾರಗಟ್ಟಲೆ ತಡವಾಗಿ ಕಟ್ಟುತ್ತವೆ. ಪಕ್ಕದ ಕೆರೆಯ ಮೇಲೆ ಜನ ಓಡಾಡುತ್ತಿದ್ದಾರೆ ಎಂಬುದು ಈ ಕೆರೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುವ ಕನಿಷ್ಠ ದಪ್ಪ ಹೀಗಿದೆ: ನಡೆದು ಹೋಗಲು 4 ಇಂಚು, ಹಿಮದ ಮೇಲೆ ಓಡುವ ಸ್ನೋಮೊಬೈಲಿಗೆ 5ರಿಂದ 7 ಇಂಚು, ಸಣ್ಣ ಕಾರಿಗೆ 9ರಿಂದ 10, ಮಧ್ಯಮ ಗಾತ್ರದ ಟ್ರಕ್ಕಿಗೆ 13. ಈ ಅಂಕಿಗಳು ಹೊಸ, ಸ್ವಚ್ಛ ಐಸ್‌ಗೆ ಮಾತ್ರ ಅನ್ವಯಿಸುತ್ತವೆ. ಸ್ವಚ್ಛ ಐಸ್‌ನ ಮೂಲಕ ಕೆಳಗಿನ ಕತ್ತಲೆ ಕಾಣುವುದರಿಂದ ಅದು ಕಪ್ಪಾಗಿ ತೋರುತ್ತದೆ. ಬಿದ್ದ ಹಿಮ ನೀರು ಹೀರಿ ಮತ್ತೆ ಗಟ್ಟಿಯಾದದ್ದು ಹಾಲಿನಂತೆ ಬೆಳ್ಳಗಿರುತ್ತದೆ. ಅದರೊಳಗೆ ಗಾಳಿಗುಳ್ಳೆಗಳಿರುವುದರಿಂದ ಬಲ ಅರ್ಧದಷ್ಟೇ, ಹಾಗಾಗಿ ಮೇಲಿನ ಪ್ರತಿ ಅಂಕಿಯನ್ನೂ ದುಪ್ಪಟ್ಟು ಮಾಡಿಕೊಳ್ಳಬೇಕು. ಕೊರೆದು ತೆಗೆದ ತೂತಿನ ಗೋಡೆಯಲ್ಲಿ ಎರಡು ಪದರಗಳೂ ಬೇರೆಬೇರೆಯಾಗಿ ಕಾಣುತ್ತವೆ. ಮೇಲೆ ಮೂರು ಇಂಚು ಬಿಳಿ, ಕೆಳಗೆ ಮೂರು ಇಂಚು ಕಪ್ಪು ಇದ್ದರೆ ಅದನ್ನು ಆರು ಎನ್ನಬಾರದು, ನಾಲ್ಕೂವರೆ ಎಂದು ಎಣಿಸಬೇಕು.

ದಪ್ಪ ಬೆಳೆಯುವ ವೇಗವೂ ಮೋಸ ಮಾಡುತ್ತದೆ. ಐಸ್ ತಳದಿಂದ ಬೆಳೆಯುತ್ತದೆ. ಕೆಳಗಿನ ನೀರಿನ ಶಾಖ ಈಗಾಗಲೇ ಇರುವ ಐಸ್‌ನ ಮೂಲಕವೇ ಮೇಲಿನ ಚಳಿಗೆ ಹೋಗಬೇಕು. ಆದ್ದರಿಂದ ಐಸ್ ದಪ್ಪವಾದಷ್ಟೂ ಮುಂದಿನ ಇಂಚು ನಿಧಾನವಾಗುತ್ತದೆ. ಮೊದಲ 4 ಇಂಚಿಗೆ ಬೇಕಾದ ಚಳಿಗಿಂತ ಮುಂದಿನ 4 ಇಂಚಿಗೆ ಎರಡು ಮೂರು ಪಟ್ಟು ಬೇಕಾಗುತ್ತದೆ. ಮೇಲೆ ಅರ್ಧ ಅಡಿ ಹಿಮ ಬಿದ್ದರೆ ಅದು ಕಂಬಳಿ ಹೊದಿಸಿದಂತೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಐಸ್ ಹೆಚ್ಚು ಬೆಳೆಯುವುದಿಲ್ಲ. ಸಾಲದ್ದಕ್ಕೆ ಹಿಮದ ಭಾರಕ್ಕೆ ಐಸ್ ಕುಸಿದು, ಬಿರುಕುಗಳಿಂದ ನೀರು ಉಕ್ಕಿ, ಹಿಮದಡಿ ಕಾಣದ ಕೆಸರಾಗುತ್ತದೆ. ಸ್ನೋಮೊಬೈಲು ಹೂತುಹೋಗುವುದು ಹೆಚ್ಚಾಗಿ ಇಲ್ಲೇ.

ಒಂದೇ ಕೆರೆಯೊಳಗೂ ದಪ್ಪ ಒಂದೇ ಇರುವುದಿಲ್ಲ. ಹಳ್ಳ ಬಂದು ಸೇರುವ ಬಾಯಿ, ನೀರು ಹೊರಹೋಗುವ ತೂಬು, ತಳದ ಒರತೆ, ಸೇತುವೆಯಡಿ, ಎರಡು ಕೆರೆ ಕೂಡುವ ಕಿರಿದಾದ ಕಾಲುವೆ, ಬಾತುಗಳ ಹಿಂಡು ಕೂತು ತೆರವಾಗಿಟ್ಟ ನೀರು, ಐಸ್ ಹಾಳೆಗಳು ಒಂದಕ್ಕೊಂದು ಒತ್ತಿ ಎದ್ದ ಏರುಗಳು, ಇವೆಲ್ಲ ತೆಳು ಜಾಗಗಳು. ನದಿಯ ಐಸ್ ಮೇಲಂತೂ ನಂಬಿಕೆಯನ್ನೇ ಇಡಬಾರದು. ಸೆಳವು ಕೆಳಗಿನಿಂದ ಐಸನ್ನು ತಿನ್ನುತ್ತಿರುತ್ತದೆ. ನಿನ್ನೆ ಎಂಟು ಇಂಚಿದ್ದ ಜಾಗ ಇಂದು ಮೂರೂ ಇರಬಹುದು.

ಪರೀಕ್ಷೆಗೆ ಬೇಕಾದ ಮುಖ್ಯ ಸಲಕರಣೆ ಐದಡಿ ಉದ್ದದ ಕಬ್ಬಿಣದ ಹಾರೆ. ತುದಿಯಲ್ಲಿ ಉಳಿಯಂಥ ಅಲಗು, ಹಿಡಿಯಲ್ಲಿ ಮಣಿಕಟ್ಟಿಗೆ ಹಾಕಿಕೊಳ್ಳುವ ಹಗ್ಗ. ದಡದಿಂದಲೇ ಶುರು ಮಾಡಿ, ಪ್ರತಿ ಹೆಜ್ಜೆಗೂ ಮುಂದಿನ ಜಾಗಕ್ಕೆ ಒಂದೆರಡು ಸಲ ಬಲವಾಗಿ ಕುಟ್ಟಬೇಕು. ಗಟ್ಟಿ ಐಸ್ ಕೈಗೆ ಒದೆಯುತ್ತದೆ, ಸದ್ದು ಚುರುಕಾಗಿ ಬರುತ್ತದೆ. ತೆಳುವಾದಾಗ ಸದ್ದು ಡೊಳ್ಳಾಗುತ್ತದೆ, ಅಲಗು ಆಳಕ್ಕಿಳಿಯುತ್ತದೆ. ಒಂದೇ ಏಟಿಗೆ ತೂತಾಗಿ ನೀರು ಚಿಮ್ಮಿದರೆ ಅಲ್ಲೇ ನಿಂತು, ಬಂದ ಹೆಜ್ಜೆಯ ಗುರುತಿನಲ್ಲೇ ಹಿಂದಿರುಗಬೇಕು. ಹಾರೆಯ ಜೊತೆಗೆ ಪ್ರತಿ 150 ಅಡಿಗೊಂದು ತೂತು ಕೊರೆದು, ಕೊಕ್ಕೆಯಿರುವ ಅಳತೆ ಪಟ್ಟಿಯನ್ನು ಐಸ್‌ನ ತಳಕ್ಕೆ ಸಿಕ್ಕಿಸಿ ದಪ್ಪ ಓದಬೇಕು.

ಮಾರ್ಚಿನ ಐಸ್ ಇನ್ನೊಂದು ಥರ. ಬಿಸಿಲು ಹರಳುಗಳ ನಡುವಿನ ಬೆಸುಗೆಯನ್ನು ಕರಗಿಸಿ, ಐಸ್ ನಿಂತ ಮೇಣದಬತ್ತಿಗಳ ಕಟ್ಟಿನಂತಾಗುತ್ತದೆ. ಅಳೆದರೆ ಹತ್ತು ಇಂಚಿರುತ್ತದೆ, ಕಾಲಿಟ್ಟರೆ ಕಡ್ಡಿಗಳು ಬೇರ್ಪಟ್ಟು ಕೆಳಗಿಳಿಯುತ್ತವೆ. ಮೇಲಿನ ದಪ್ಪದ ಲೆಕ್ಕ ಆಗ ನಡೆಯುವುದಿಲ್ಲ.

ನೀರಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಮೂರು ಅಂಕಿಗಳಲ್ಲಿ ಹೇಳಿದ್ದಾರೆ: 1-10-1. ಮೊದಲ ಒಂದು ನಿಮಿಷ ಉಸಿರು ಏದುಬ್ಬಸವಾಗುತ್ತದೆ, ಆಗ ಮಾಡಬೇಕಾದ್ದು ತಲೆ ಮೇಲಿಟ್ಟು ಉಸಿರನ್ನು ಹತೋಟಿಗೆ ತರುವುದು. ಆಮೇಲೆ ಕೈಕಾಲು ಮಾತು ಕೇಳುವುದು ಹತ್ತು ನಿಮಿಷ. ಚಳಿಗೆ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಅಂದರೆ ಹೊರಬರಲು ಸಮಯವಿದೆ, ಗಾಬರಿಯಲ್ಲಿ ಅದನ್ನು ಕಳೆಯಬಾರದು. ಬಂದ ದಿಕ್ಕಿಗೇ ತಿರುಗಿ, ಏಕೆಂದರೆ ಅಲ್ಲಿಯವರೆಗಿನ ಐಸ್ ನಿಮ್ಮನ್ನು ಹೊತ್ತಿತ್ತು. ಕೊರಳಲ್ಲಿ ನೇತುಹಾಕಿಕೊಂಡ ಎರಡು ಮೊಳೆಹಿಡಿಗಳನ್ನು (ತುದಿಯಲ್ಲಿ ಚೂಪು ಮೊಳೆಯಿರುವ ಹಿಡಿಗಳು) ಐಸ್‌ಗೆ ಚುಚ್ಚಿ, ಈಜುವಂತೆ ಕಾಲು ಬಡಿದು ಮೈಯನ್ನು ಮೇಲಕ್ಕೆಳೆಯಿರಿ. ಮೇಲೆ ಬಂದ ಮೇಲೆ ಎದ್ದು ನಿಲ್ಲದೆ ಉರುಳುತ್ತಾ ದೂರ ಸರಿಯಿರಿ. ಜಾಕೆಟ್ಟಿನ ಮೇಲೆ ಲೈಫ್ ಜಾಕೆಟ್ ಇದ್ದರೆ ಮೊದಲ ನಿಮಿಷ ಸುಲಭವಾಗುತ್ತದೆ. ಮೊಳೆಹಿಡಿ ಚೀಲದಲ್ಲಿದ್ದರೆ ಇಲ್ಲದಂತೆಯೇ ಸರಿ. ಗುಡಾರದೊಳಗೆ ಗ್ಯಾಸ್ ಹೀಟರ್ ಹಚ್ಚುವವರು ಮೇಲೊಂದು ಕೆಳಗೊಂದು ಗಾಳಿಕಿಂಡಿ ತೆರೆದಿಟ್ಟು, ಕಾರ್ಬನ್ ಮಾನಾಕ್ಸೈಡ್ ಅಲಾರಂ ತೂಗುಹಾಕಬೇಕು. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ತೂತಿನ ಕೆಳಗೆ

ಇಲ್ಲಿನ ಜನರ ಅಚ್ಚುಮೆಚ್ಚಿನ ಮೀನು ವಾಲೈ, 1965ರಿಂದ ಮಿನ್ನೆಸೋಟದ ರಾಜ್ಯಮೀನು. ಅದರ ಕಣ್ಣಿನ ಹಿಂಭಾಗದಲ್ಲಿ, ಬೆಕ್ಕಿನ ಕಣ್ಣಿನಲ್ಲಿರುವಂತೆ, ಬೆಳಕನ್ನು ಮರಳಿಸುವ ಪದರವಿದೆ. ಮುಸ್ಸಂಜೆಯಲ್ಲಿ ಬೇಟೆಗೆ ಕಾಣದ್ದು ಅದಕ್ಕೆ ಕಾಣುತ್ತದೆ. ಹಾಗಾಗಿ ಸೂರ್ಯ ಮುಳುಗುವ ಮೊದಲ ಅರ್ಧ ಗಂಟೆ ಮತ್ತು ನಂತರದ ಒಂದು ಗಂಟೆ ಇಡೀ ದಿನಕ್ಕೆ ಸಮ. ತೂತು ಕೊರೆಯುವ ಗದ್ದಲವನ್ನು ಅದಕ್ಕಿಂತ ಮುಂಚೆಯೇ ಮುಗಿಸಿರಬೇಕು.

ಮೊದಲ ಐಸ್‌ನ ವಾರಗಳಲ್ಲಿ ವಾಲೈ ಇನ್ನೂ ದಡದ ಹತ್ತಿರ, 8ರಿಂದ 15 ಅಡಿ ನೀರಿನಲ್ಲಿ, ಕಲ್ಲುದಿಬ್ಬಗಳ ಅಂಚಿನಲ್ಲಿ ತಿರುಗುತ್ತಿರುತ್ತದೆ. ನೀರಿನಲ್ಲಿ ಆಮ್ಲಜನಕ ತುಂಬಿದೆ, ಕೊಳೆಯದ ಗಿಡಗಳಿವೆ, ಮರಿಮೀನುಗಳಿವೆ. ಜನವರಿ ನಡುವಿಗೆ ಹಿಮ ದಪ್ಪವಾಗಿ ಬೆಳಕು ಕೆಳಗಿಳಿಯದೆ ಗಿಡಗಳು ಸತ್ತು ಕೊಳೆಯತೊಡಗುತ್ತವೆ. ಕೊಳೆಯುವಿಕೆ ಆಮ್ಲಜನಕ ತಿನ್ನುತ್ತದೆ, ಮೇಲಿನಿಂದ ಹೊಸದು ಬರಲು ಐಸ್ ಬಿಡುವುದಿಲ್ಲ. ಮೀನು 20ರಿಂದ 35 ಅಡಿಗೆ ಸರಿದು ಕಡಿಮೆ ತಿನ್ನುತ್ತದೆ. ಸಣ್ಣ, ಆಳವಿಲ್ಲದ ಕೆರೆಗಳಲ್ಲಿ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೀನು ರಾಶಿರಾಶಿಯಾಗಿ ಸಾಯುತ್ತದೆ. ಐಸ್ ಬಿಟ್ಟ ಮೇಲೆ ದಡದಲ್ಲಿ ಬೆಳ್ಳಗೆ ತೇಲುವ ಮೀನುಗಳು ಬಹುಪಾಲು ಫೆಬ್ರವರಿಯಲ್ಲೇ ಉಸಿರುಗಟ್ಟಿದವು. ಚಳಿಗಾಲದ ಕೊನೆಗೆ ಕರಗಿದ ನೀರು ತೂತು ಬಿರುಕುಗಳಿಂದ ಇಳಿದು ಆಮ್ಲಜನಕ ತರುವಾಗ ಪರ್ಚ್, ಕ್ರಾಪಿ ಎಂಬ ಮೀನುಗಳು ಮತ್ತೆ ದಡದ ಕಡೆ ಬಂದು ಚುರುಕಾಗಿ ಕಚ್ಚುತ್ತವೆ.

ಕಾನೂನು ಐಸ್ ಮೇಲೆ ಒಬ್ಬರಿಗೆ ಎರಡು ಗಾಳ ಬಿಡುತ್ತದೆ, ತೆರೆದ ನೀರಿನಲ್ಲಿ ಒಂದೇ. ಎರಡನ್ನೂ ಬೇರೆ ಬೇರೆ ಕೆಲಸಕ್ಕೆ ಹಚ್ಚುವುದು ಜಾಣತನ. ಒಂದು ತೂತಿನಲ್ಲಿ ಬೆಂಡು ಕಟ್ಟಿದ ನೂಲು, ಸಣ್ಣ ಕೊಕ್ಕೆಗೆ ಬೆನ್ನರೆಕ್ಕೆಯ ಹತ್ತಿರ ಚುಚ್ಚಿದ ಜೀವಂತ ಮಿನ್ನೋ (ಎರೆಯಾಗಿ ಬಳಸುವ ಪುಟ್ಟ ಮೀನು), ತಳದಿಂದ ಆರರಿಂದ ಹನ್ನೆರಡು ಇಂಚು ಮೇಲೆ. ಅದನ್ನು ಮುಟ್ಟದೆ ಬಿಡಬೇಕು. ಇನ್ನೊಂದು ತೂತಿನಲ್ಲಿ 28 ಇಂಚಿನ ಕುಳ್ಳ ಕೋಲು, 6 ಪೌಂಡಿನ ನೂಲು, ಔನ್ಸಿನ ಎಂಟನೇ ಒಂದು ಭಾಗ ತೂಗುವ ಲೋಹದ ಚಮಚೆ (ಹೊಳೆದು ಮೀನನ್ನು ಸೆಳೆಯುವ ಚಮಚೆಯಾಕಾರದ ತುಂಡು), ಅದರ ಕೊಕ್ಕೆಗೆ ಚಿವುಟಿದ ಮಿನ್ನೋ ತಲೆ. ತೂತಿಗೆ 8 ಇಂಚಿನ ಕೊರೆಯುವ ಸಾಧನ ಸಾಕು.

ಸದ್ದಿನ ಪ್ರತಿಧ್ವನಿಯಿಂದ ನೀರೊಳಗಿನದನ್ನು ತೋರುವ ಸೋನಾರ್ ಇದ್ದರೆ ಆಟ ಕಣ್ಣಿಗೇ ಕಾಣುತ್ತದೆ. ದುಂಡು ಪರದೆಯಲ್ಲಿ ತಳ ದಪ್ಪ ಕೆಂಪು ಗೆರೆ, ನಿಮ್ಮ ಚಮಚೆ ಮೇಲೊಂದು ತೆಳು ಗೆರೆ. ಚಮಚೆಯನ್ನು ಒಂದಡಿ ಎತ್ತಿ ಬಿಡಿ, ಎರಡು ಮೂರು ಸಲ. ತಳದ ಗೆರೆ ಸ್ವಲ್ಪ ಉಬ್ಬಿದಂತಾಗಿ, ಅದರಿಂದ ಹಸಿರು ಎಳೆಯೊಂದು ಬಿಡಿಸಿಕೊಂಡು ಮೇಲೇಳುತ್ತದೆ. ಮೀನು ತೂತಿನ ನೇರಕ್ಕೆ ಬಂದಂತೆ ಅದು ಹಳದಿಯಾಗಿ, ಕೆಂಪಾಗಿ ದಪ್ಪವಾಗುತ್ತದೆ. ಈ ಹೊತ್ತಿಗೆ ಹೊಸಬರು ಜೋರಾಗಿ ಕುಣಿಸಿ ಮೀನನ್ನು ಓಡಿಸುತ್ತಾರೆ, ಇಲ್ಲವೇ ಚಮಚೆಯನ್ನು ಮೀನಿಗಿಂತ ಕೆಳಗಿಳಿಸಿ ಕೆಡಿಸುತ್ತಾರೆ. ವಾಲೈ ತನಗಿಂತ ಮೇಲಿರುವುದನ್ನು ನೋಡಿ ಏರುತ್ತದೆ. ಬೆರಳಿನಷ್ಟೇ ನಡುಗಿಸುತ್ತಾ, ಇಂಚಿಂಚಾಗಿ ಮೇಲಕ್ಕೆ ಎಳೆಯಿರಿ. ಎರಡು ಗೆರೆಗಳು ಕೂಡಿದಾಗ ತುದಿಯಲ್ಲಿ ಟಕ್ ಎನ್ನುತ್ತದೆ. ಆಗ ಮಣಿಕಟ್ಟನ್ನು ಮೇಲಕ್ಕೆ ಎಳೆದುಬಿಡಿ.

ಕೋಲಿನ ಕಡಗಗಳಲ್ಲಿ ನೀರು ಹೆಪ್ಪುಗಟ್ಟಿ ನೂಲು ಸಿಕ್ಕಿಕೊಳ್ಳುವುದು ಸಾಮಾನ್ಯ. ಅದನ್ನು ಉಗುರಿನಿಂದ ಕೆರೆದರೆ ತುದಿ ಮುರಿಯುತ್ತದೆ. ತುದಿಯನ್ನು ತೂತಿನ ನೀರಿನಲ್ಲಿ ಕೆಲವು ಕ್ಷಣ ಅದ್ದಿ, ಬೆರಳಿನಿಂದ ಒತ್ತಿ ಬಿಡಿಸಿ.

30 ಅಡಿಗಿಂತ ಆಳದಲ್ಲಿ ಹಿಡಿದು ಬಿಡುವ ಆಟ ಆಡಬೇಡಿ. ಮೇಲೆ ಬರುವಾಗ ಒತ್ತಡ ಇಳಿದು ಮೀನಿನ ಗಾಳಿಚೀಲ ಹಿಗ್ಗಿ, ಹೊಟ್ಟೆ ಬಾಯಿಯಿಂದ ಹೊರಚಾಚುತ್ತದೆ, ಕಣ್ಣು ಉಬ್ಬುತ್ತದೆ. ಅದನ್ನು ಚುಚ್ಚಿ ಸರಿಮಾಡಲು ಹೋಗುವುದು ಇನ್ನೂ ಕೆಟ್ಟದ್ದು. ಈಜಿ ಹೋದಂತೆ ಕಂಡರೂ ಅಂಥ ಮೀನು ಬದುಕುವ ಭರವಸೆ ಕಡಿಮೆ. ಊಟಕ್ಕೆ ಬೇಕಾದಷ್ಟು, ಕಾನೂನು ಬಿಟ್ಟಷ್ಟು ಇಟ್ಟುಕೊಂಡು, ಕಡಿಮೆ ಆಳಕ್ಕೆ ಜಾಗ ಬದಲಿಸಬೇಕು.

ಐಸ್ ಬಿಟ್ಟ ಮೇಲೆ

ನದಿಗಳು ಮೊದಲು ತೆರೆದುಕೊಳ್ಳುತ್ತವೆ. ಕೆನಡಾ ಗಡಿಯಲ್ಲಿ ಹರಿದು ಲೇಕ್ ಆಫ್ ದ ವುಡ್ಸ್ ಎಂಬ ಕೆರೆ ಸೇರುವ ರೇನಿ ನದಿಗೆ, ಕೆರೆ ಇನ್ನೂ ಐಸ್‌ನಡಿ ಇರುವಾಗಲೇ, ವಾಲೈ ಮೊಟ್ಟೆ ಇಡಲು ಏರತೊಡಗುತ್ತದೆ. ಆ ನದಿಯಲ್ಲಿ ಮಾರ್ಚ್ 1ರಿಂದ ಏಪ್ರಿಲ್ 14ರವರೆಗೆ ವಾಲೈ ಹಿಡಿದರೆ ಬಿಡಲೇಬೇಕು. ಹೊರಡುವ ಮುನ್ನ ಆ ವರ್ಷದ ನಿಯಮ ಪುಸ್ತಕ ನೋಡುವುದು ತಪ್ಪದು. ತೇಲಿಬರುವ ಐಸ್ ತುಂಡುಗಳು ಅಲ್ಯೂಮಿನಿಯಂ ದೋಣಿಯನ್ನು ಸೀಳಬಲ್ಲವು, ಲಂಗರಿನ ಹಗ್ಗಕ್ಕೆ ಸಿಕ್ಕಿ ದೋಣಿಯನ್ನು ಅಡ್ಡ ತಿರುಗಿಸಬಲ್ಲವು.

ಮೀನುಗಳು ಮೊಟ್ಟೆಯಿಡುವ ಸರದಿ ಉಷ್ಣತೆಯ ಏಣಿಯಂತಿದೆ. ಐಸ್ ಬಿಡುತ್ತಲೇ 4ರಿಂದ 7 ಡಿಗ್ರಿಯಲ್ಲಿ ನಾರ್ದರ್ನ್ ಪೈಕ್, ಮುಳುಗಿದ ಹುಲ್ಲಿನ ಜೌಗಿನಲ್ಲಿ. 6ರಿಂದ 10ರಲ್ಲಿ ವಾಲೈ, ರಾತ್ರಿ ಹೊತ್ತು, ನೀರು ಆಡುವ ಜಲ್ಲಿಯ ಮೇಲೆ. 15 ದಾಟಿದ ಮೇಲೆ ಸ್ಮಾಲ್‌ಮೌತ್ ಬಾಸ್, ಗೂಡು ಮಾಡಿ ಕಾಯುತ್ತದೆ. ವಾಲೈ ಗೂಡು ಕಟ್ಟುವುದಿಲ್ಲ, ಕಾಯುವುದಿಲ್ಲ. ಮೊಟ್ಟೆಗಳು ಜಲ್ಲಿಯ ಸಂದುಗಳಿಗೆ ಬಿದ್ದು, ನೀರು ಹರಿಯುತ್ತಿದ್ದರೆ ಎರಡು ಮೂರು ವಾರದಲ್ಲಿ ಒಡೆಯುತ್ತವೆ. ಹೂಳು ಮುಚ್ಚಿದರೆ ಸಾಯುತ್ತವೆ. ದಡದ ಮಣ್ಣು ಕೆರೆಗೆ ಇಳಿಯದಂತೆ ನೋಡಿಕೊಳ್ಳುವುದು ಅದಕ್ಕೇ ಮುಖ್ಯ.

ವಾಲೈ ಹಂಗಾಮು ಒಳನಾಡಿನ ಕೆರೆಗಳಲ್ಲಿ ಫೆಬ್ರವರಿ ಕೊನೆಗೆ ಮುಚ್ಚಿ, ಮೇ ನಡುವಿನ ಒಂದು ಶನಿವಾರ ತೆರೆಯುತ್ತದೆ. ಕ್ಯಾಲೆಂಡರ್ ಸ್ಥಿರ, ನೀರು ಅಲ್ಲ. 2013ರಲ್ಲಿ ಹಂಗಾಮು ತೆರೆದ ದಿನ ಉತ್ತರದ ಹಲವು ಕೆರೆಗಳ ಮೇಲೆ ಐಸ್ ಇತ್ತು. 2024ರಲ್ಲಿ ಅನೇಕ ಕೆರೆಗಳು ಮಾರ್ಚಿನಲ್ಲೇ ತೆರೆದಿದ್ದವು. ಮೊದಲ ಬಗೆಯ ವರ್ಷದಲ್ಲಿ ಮೀನು ಇನ್ನೂ ಮೊಟ್ಟೆಯ ಜಾಗದಲ್ಲಿ, ಹಳ್ಳದ ಬಾಯಿಯಲ್ಲಿ, 4ರಿಂದ 10 ಅಡಿಯಲ್ಲಿರುತ್ತದೆ. ಸಿಗುವವು ಹೆಚ್ಚಾಗಿ ಸಣ್ಣ ಗಂಡುಗಳು, ಏಕೆಂದರೆ ಹೆಣ್ಣು ಮೊಟ್ಟೆಯಿಟ್ಟು ಸುಸ್ತಾಗಿ ಒಂದೆರಡು ವಾರ ತಿನ್ನದೆ ಸುಧಾರಿಸಿಕೊಳ್ಳುತ್ತದೆ. ಎರಡನೆಯ ಬಗೆಯ ವರ್ಷದಲ್ಲಿ ಅದೇ ಶನಿವಾರ ಮೀನು ಹೊಸದಾಗಿ ಚಿಗುರಿದ ಗಿಡಗಳ ಅಂಚಿಗೆ ಬಂದಾಗಿರುತ್ತದೆ.

ನದಿಯಲ್ಲಿ ಸೀಸದ ತಲೆಯ ಕೊಕ್ಕೆಯ ತೂಕವನ್ನು ಸೆಳವು ನಿರ್ಧರಿಸುತ್ತದೆ. ನೂಲು ಹೆಚ್ಚು ಕಡಿಮೆ ನೇರವಾಗಿ ಇಳಿದು ತಳ ತಾಗುವುದು ಕೈಗೆ ತಿಳಿಯಬೇಕು. ಕಾಲು ಔನ್ಸಿನಿಂದ ಶುರುಮಾಡಿ, ತಳ ತಿಳಿಯದಿದ್ದರೆ ಅರ್ಧ ಔನ್ಸಿನವರೆಗೆ ಏರಿಸಿ. ನೀರು ಏರುತ್ತಿದ್ದರೆ ಮೀನು ದಡಕ್ಕೆ, ಸೆಳವಿಲ್ಲದ ಹಿನ್ನೀರಿಗೆ ಒತ್ತಿಕೊಳ್ಳುತ್ತದೆ. ಇಳಿಯುತ್ತಿದ್ದರೆ ಮುಖ್ಯ ಪಾತ್ರದ ಅಂಚಿಗೆ ಸರಿಯುತ್ತದೆ.

ಬೇಸಿಗೆಯ ಪದರ

ಜೂನ್ ಕೊನೆಗೆ ಆಳದ ಕೆರೆಗಳು ಮೂರು ಪದರಗಳಾಗುತ್ತವೆ. ಮೇಲೆ ಬೆಚ್ಚನೆಯ ನೀರು, ಕೆಳಗೆ ತಂಪು ನೀರು, ನಡುವೆ ಕೆಲವೇ ಅಡಿಗಳಲ್ಲಿ ಉಷ್ಣತೆ ಥಟ್ಟನೆ ಇಳಿಯುವ ಪಟ್ಟಿ. ಅನೇಕ ಕೆರೆಗಳಲ್ಲಿ ಈ ಪಟ್ಟಿ 20ರಿಂದ 30 ಅಡಿಯಲ್ಲಿರುತ್ತದೆ. ಸೋನಾರಿನ ಸೂಕ್ಷ್ಮತೆ ಹೆಚ್ಚಿಸಿದರೆ ಮಸುಕಾದ ಅಡ್ಡ ಗೆರೆಯಾಗಿ ಕಾಣುತ್ತದೆ. ಪೋಷಕಾಂಶ ಹೆಚ್ಚಿರುವ ಹಸಿರು ಕೆರೆಗಳಲ್ಲಿ ಈ ಗೆರೆಯ ಕೆಳಗೆ ಆಮ್ಲಜನಕ ಇರುವುದಿಲ್ಲ. 40 ಅಡಿಗೆ ಎರೆ ಇಳಿಸಿ ಕಾಯುವವರು ಮೀನಿಲ್ಲದ ನೀರಿನಲ್ಲಿ ಕಾಯುತ್ತಿರುತ್ತಾರೆ. ಈಶಾನ್ಯದ ಸ್ವಚ್ಛ, ಕಲ್ಲುತಳದ ಕೆರೆಗಳಲ್ಲಿ ಮಾತ್ರ ಆಳದಲ್ಲೂ ಉಸಿರಿದೆ, ಲೇಕ್ ಟ್ರೌಟ್ 10 ಡಿಗ್ರಿಯ ಆಸುಪಾಸಿನ ಆ ನೀರಿನಲ್ಲಿ ಬೇಸಿಗೆ ಕಳೆಯುತ್ತದೆ.

ಮಿಲ್ ಲ್ಯಾಕ್ಸ್ ಎಂಬ ಕೆರೆ ಇದಕ್ಕೆ ಹೊರತು. 1,32,000 ಎಕರೆ ವಿಸ್ತಾರ, ಅತಿ ಹೆಚ್ಚಿನ ಆಳ 42 ಅಡಿ. ಗಾಳಿ ಅದನ್ನು ಕಲಕುತ್ತಲೇ ಇರುವುದರಿಂದ ಪದರ ಹೆಚ್ಚು ದಿನ ನಿಲ್ಲುವುದಿಲ್ಲ. ಅಲ್ಲಿ 2005ರಲ್ಲಿ ಝೀಬ್ರಾ ಮಸೆಲ್ ಎಂಬ ಹೊರಗಿನ ಚಿಪ್ಪು ಜೀವಿ ಪತ್ತೆಯಾಯಿತು. ಅದು ನೀರನ್ನು ಸೋಸಿ ತಿಳಿಯಾಗಿಸುತ್ತದೆ. ತಿಳಿನೀರಿನ ಹಗಲು ವಾಲೈಗೆ ಹಿಡಿಸದು, ಆದ್ದರಿಂದ ಅಲ್ಲಿ ಕತ್ತಲೆಯ ಹೊತ್ತು ಮತ್ತು ಅಲೆಯೆದ್ದ ದಿನಗಳಿಗೆ ಬೆಲೆ ಹೆಚ್ಚು. ಒಂದಡಿ ಅಲೆಯಿರುವಾಗ ಗಾಳಿ ಬಡಿಯುವ ದಡದಲ್ಲೇ ಹುಡುಕಿ. ಅಲೆ ಬೆಳಕನ್ನು ಒಡೆಯುತ್ತದೆ, ಮರಿಮೀನುಗಳನ್ನು ದಡಕ್ಕೆ ತಳ್ಳುತ್ತದೆ.

ಕೆರೆ ಮಗುಚುವ ವಾರ

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನಲ್ಲಿ ಮೇಲಿನ ನೀರು 10ರಿಂದ 13 ಡಿಗ್ರಿಗೆ ಇಳಿದಾಗ ಪದರ ಮುರಿಯುತ್ತದೆ. ಗುರುತಿಸುವುದು ಕಷ್ಟವಲ್ಲ: ನಿನ್ನೆ ತಿಳಿಯಾಗಿದ್ದ ನೀರು ಕಂದಾಗಿರುತ್ತದೆ, ಕೊಳೆತ ಗಿಡದ ಚೂರುಗಳು ತೇಲುತ್ತವೆ, ಕೆಲವೆಡೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ತಳದ ಉಸಿರಿಲ್ಲದ ನೀರು ಮೇಲೆ ಬಂದು ಬೆರೆತಿದೆ ಎಂದು ಅರ್ಥ. ಮೀನಿಗೆ ಎಲ್ಲ ಆಳವೂ ಒಂದೇ ಆಗಿ ಚದುರಿಹೋಗುತ್ತದೆ. ಒಂದೆರಡು ವಾರ ಕಚ್ಚುವುದು ಕಡಿಮೆ. ಆ ಕೆರೆಯಲ್ಲೇ ಹಟ ಹಿಡಿಯಬೇಡಿ. ಸಣ್ಣ ಕೆರೆಗಳು ಮೊದಲು ಮಗುಚುತ್ತವೆ, ದೊಡ್ಡ ಆಳದವು ತಡವಾಗಿ, ಪದರವೇ ಕಟ್ಟದವಕ್ಕೆ ಇದರ ಬಾಧೆಯಿಲ್ಲ. ನದಿ ಇನ್ನೂ ಒಳ್ಳೆಯ ಆಯ್ಕೆ: ಈ ದಿನಗಳಲ್ಲಿ ಎಮರಾಲ್ಡ್ ಶೈನರ್ ಎಂಬ ಪುಟ್ಟ ಮೀನುಗಳು ಲೇಕ್ ಆಫ್ ದ ವುಡ್ಸ್‌ನಿಂದ ರೇನಿ ನದಿಗೆ ಹಿಂಡುಹಿಂಡಾಗಿ ಏರುತ್ತವೆ, ವಾಲೈ ಅವುಗಳ ಬೆನ್ನು ಹತ್ತಿ ಬರುತ್ತದೆ.

ಕೆರೆ ಮತ್ತೆ ತಿಳಿಯಾದ ಮೇಲೆ ಐಸ್ ಕಟ್ಟುವವರೆಗಿನ ವಾರಗಳು ದೊಡ್ಡ ಮೀನಿನ ಕಾಲ. 25ರಿಂದ 40 ಅಡಿಗೆ ಕಡಿದಾಗಿ ಇಳಿಯುವ ದಿಬ್ಬಗಳ ಬದಿಯಲ್ಲಿ, ನಾಲ್ಕೈದು ಇಂಚಿನ ದೊಡ್ಡ ಮಿನ್ನೋ ಕಟ್ಟಿ, ಬೇಸಿಗೆಯ ಅರ್ಧ ವೇಗದಲ್ಲಿ ಸಾಗಿ. 30 ಅಡಿಗಿಂತ ಆಳದಲ್ಲಿ ಹಿಡಿದು ಬಿಡಬಾರದೆಂಬ ಮಾತು ಇಲ್ಲೂ ಅನ್ವಯಿಸುತ್ತದೆ. ದೋಣಿಯಲ್ಲಿ ಒಬ್ಬರೇ ಇದ್ದರೆ ಲೈಫ್ ಜಾಕೆಟ್ ಮೈಮೇಲೇ ಇರಲಿ. ನವೆಂಬರಿನ ನೀರಿನಲ್ಲಿ 1-10-1ರ ಲೆಕ್ಕ ಐಸ್‌ನಡಿಯ ನೀರಿಗಿಂತ ಬಹಳ ಬೇರೆಯಲ್ಲ, ಹಿಡಿಯಲು ಐಸ್‌ನ ಅಂಚೂ ಇರುವುದಿಲ್ಲ.

ದಡಕ್ಕೆ ಬಂದ ಮೇಲೆ ದೋಣಿಯ ತಳದ ಬಿರಡೆ ತೆಗೆದು ಎಲ್ಲ ನೀರು ಬಸಿಯಬೇಕು, ದೋಣಿ ಹೊರುವ ಗಾಲಿಬಂಡಿಗೆ ಸಿಕ್ಕ ಗಿಡಗಳನ್ನು ಕಿತ್ತೆಸೆಯಬೇಕು, ರಸ್ತೆಯಲ್ಲಿ ಬಿರಡೆ ತೆಗೆದೇ ಹೋಗಬೇಕು. ಇದು ಕಾನೂನು. ಉಳಿದ ಮಿನ್ನೋಗಳನ್ನು ಕೆರೆಗೆ ಸುರಿಯುವಂತಿಲ್ಲ. ನಾಳೆಗೆ ಬೇಕಿದ್ದರೆ ಬಕೆಟ್ಟಿನ ನೀರು ಚೆಲ್ಲಿ ಮನೆಯಿಂದ ತಂದ ನೀರು ತುಂಬಿಸಿ, ಬೇಡವಾದರೆ ಕಸದ ಡಬ್ಬಿಗೆ ಹಾಕಿ. ನಲ್ಲಿ ನೀರಿನ ಕ್ಲೋರಿನ್ ಮಿನ್ನೋಗಳನ್ನು ಕೊಲ್ಲುತ್ತದೆ, ಆದ್ದರಿಂದ ಆ ನೀರನ್ನು ಹಿಂದಿನ ರಾತ್ರಿಯೇ ತೆರೆದ ಬಕೆಟ್ಟಿನಲ್ಲಿ ಹಿಡಿದಿಡಿ.